ಫ್ರಾನ್ಸಿನ ಒಂದು ಪ್ರಾಂತ್ಯದ ಚರಿತ್ರೆಯನ್ನು ಓದುವ ಕ್ರಮ

ಫ್ರೆಂಚರು ಯಾರೆಂಬ ಪ್ರಶ್ನೆಯನ್ನು ಪ್ಯಾರಿಸ್ಸಿನಿಂದ ಆರಂಭಿಸಿದವರಿಗೆ ರಾಜರ ಪಟ್ಟಿ, 1789ರ ಕ್ರಾಂತಿ ಮತ್ತು ನೆಪೋಲಿಯನ್ನನ ಯುದ್ಧಗಳು ಬೇಗ ಸಿಗುತ್ತವೆ, ಜನರು ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಗಡಿಯಂಚಿನ ಒಂದು ಪ್ರಾಂತ್ಯವನ್ನು ಆರಿಸಿಕೊಂಡು ಅಲ್ಲಿ ನಿಂತು ಪ್ಯಾರಿಸ್ಸಿನ ಕಡೆಗೆ ನೋಡುವುದೇ ಮೇಲು. ಬ್ರಿಟನಿ, ಕಾರ್ಸಿಕಾ, ಸವಾಯ್ ಯಾವುದಾದರೂ ಆದೀತು. ನಾನಿಲ್ಲಿ ಹೆಚ್ಚಾಗಿ ಜರ್ಮನಿಯ ಗಡಿಗೆ ಅಂಟಿಕೊಂಡಿರುವ ಅಲ್ಸಾಸನ್ನು ಹಿಡಿದಿದ್ದೇನೆ.

ಮೊದಲು ಇಂದಿನ ಭೂಪಟವನ್ನು ಬದಿಗಿಡಬೇಕು. ಅದರಲ್ಲಿ ಕಾಣುವ 13 ಪ್ರದೇಶಗಳು 2016ರಲ್ಲಿ, ಹಿಂದಿನ 22ರಲ್ಲಿ ಹಲವನ್ನು ಒಂದಕ್ಕೊಂದು ಸೇರಿಸಿ ಮಾಡಿದವು. ಹಳೆಯ ಪ್ರಾಂತ್ಯಗಳ ಪಟವನ್ನು ತೆಗೆದುಕೊಂಡು ಪ್ರತಿಯೊಂದರ ಮೇಲೂ ಅದು ಫ್ರಾನ್ಸಿಗೆ ಸೇರಿದ ವರ್ಷವನ್ನೂ ಸೇರಿದ ಬಗೆಯನ್ನೂ ಬರೆದುಕೊಳ್ಳಿ. ಬ್ರಿಟನಿ 1532ರಲ್ಲಿ ರಾಜಮನೆತನದ ಮದುವೆಗಳ ಫಲವಾಗಿ ಸೇರಿತು, ರೂಸಿಯೋಂ 1659ರ ಒಪ್ಪಂದದಲ್ಲಿ ಸ್ಪೇನಿನಿಂದ ಬಂತು, ಕಾರ್ಸಿಕಾ 1768ರಲ್ಲಿ ಜಿನೋವಾದ ಕೈಯಿಂದ ಬಂತು, ಸವಾಯ್ ಮತ್ತು ನೀಸ್ ಕೊನೆಗೆ ನೆಲೆಯಾಗಿ ಸೇರಿದ್ದು 1860ರಲ್ಲಿ. ಅಲ್ಸಾಸಿಗೆ ಒಂದೇ ವರ್ಷವನ್ನು ಬರೆಯಲು ಬರುವುದಿಲ್ಲ: 1648ರಿಂದ ತುಂಡುತುಂಡಾಗಿ ಸೇರುತ್ತ ಹೋದ ಆ ಪ್ರಾಂತ್ಯದಲ್ಲಿ ಸ್ಟ್ರಾಸ್‌ಬರ್ಗ್ 1681ರಲ್ಲಿ ಶರಣಾಯಿತು, ಸ್ವಿಸ್ ನಗರಗಳೊಂದಿಗೆ ಮೈತ್ರಿ ಮಾಡಿಕೊಂಡಿದ್ದ ಮ್ಯುಲೂಜ್ ಎಂಬ ಪುಟ್ಟ ಗಣರಾಜ್ಯ 1798ರವರೆಗೂ ಹೊರಗೇ ಉಳಿಯಿತು.

ಎರಡನೆಯದಾಗಿ 1790ನ್ನು ದಾಟುವಾಗ ಎಚ್ಚರವಿರಲಿ. ಆ ವರ್ಷ ಕ್ರಾಂತಿಕಾರಿಗಳು ಪ್ರಾಂತ್ಯಗಳನ್ನು ಒಡೆದು, ದೆಪಾರ್ತ್‌ಮಾಂ ಎಂದು ಕರೆಯುವ 83 ಜಿಲ್ಲೆಗಳನ್ನು ರಚಿಸಿ, ಹಳೆಯ ನಿಷ್ಠೆಗಳು ಮರೆತುಹೋಗಲೆಂದು ಅವುಗಳಿಗೆ ಹೆಚ್ಚಾಗಿ ನದಿ, ಬೆಟ್ಟಗಳ ಹೆಸರನ್ನಿಟ್ಟರು. ಅಲ್ಸಾಸ್ ಮೇಲಣ ರೈನ್ ಮತ್ತು ಕೆಳಗಣ ರೈನ್ ಎಂಬ ಎರಡು ಜಿಲ್ಲೆಗಳಾಯಿತು. ಆದ್ದರಿಂದ ಆಮೇಲಿನ ಸರ್ಕಾರಿ ಕಡತಗಳಲ್ಲಿ ‘ಅಲ್ಸಾಸ್’ ಎಂದು ಹುಡುಕಿದರೆ ಕೈಗೆ ಹತ್ತುವುದು ಕಡಿಮೆ.

ಮೂರನೆಯದು ಭಾಷೆ, ಇಲ್ಲಿ ನಿಧಾನಿಸಬೇಕು. ನ್ಯಾಯಾಲಯದ ಬರಹಗಳಿಗೆ ಫ್ರೆಂಚನ್ನು ಕಡ್ಡಾಯಗೊಳಿಸಿದ ರಾಜಾಜ್ಞೆ 1539ರದು. ಆದರೂ 1794ರಲ್ಲಿ ಪಾದ್ರಿ ಗ್ರೆಗ್ವಾರ್ ಸಲ್ಲಿಸಿದ ವರದಿಯ ಪ್ರಕಾರ ಸುಮಾರು 60 ಲಕ್ಷ ಜನರಿಗೆ ಫ್ರೆಂಚ್ ಬರುತ್ತಿರಲಿಲ್ಲ, ಅಷ್ಟೇ ಮಂದಿಗೆ ಅದರಲ್ಲಿ ಮಾತು ಮುಂದುವರಿಸಲು ಆಗುತ್ತಿರಲಿಲ್ಲ, ಶುದ್ಧವಾಗಿ ಆಡಬಲ್ಲವರು 30 ಲಕ್ಷವನ್ನು ಮೀರಿರಲಿಲ್ಲ. ಇವು ಜನಗಣತಿಯ ಅಂಕಿಗಳಲ್ಲ. ಊರೂರಿನ ವಿದ್ಯಾವಂತರಿಗೆ ಕಳಿಸಿದ ಪ್ರಶ್ನಾವಳಿಯ ಉತ್ತರಗಳನ್ನು ಆಧರಿಸಿ, ಸ್ಥಳೀಯ ನುಡಿಗಳು ಅಳಿಯಬೇಕೆಂದು ಬಯಸಿದವರೊಬ್ಬರು ಮಾಡಿದ ಅಂದಾಜು ಎಂಬುದನ್ನು ನೆನಪಿಟ್ಟು ಓದಿರಿ. ಇಂದಿನ ಫ್ರೆಂಚ್ ರಾಷ್ಟ್ರಗೀತೆ ಹುಟ್ಟಿದ್ದು ಇದಕ್ಕೆ ಎರಡು ವರ್ಷ ಮೊದಲು, ಹೆಚ್ಚಿನವರ ಮನೆಮಾತು ಜರ್ಮನ್ ಬಳಗದ ನುಡಿಯಾಗಿದ್ದ ಸ್ಟ್ರಾಸ್‌ಬರ್ಗಿನಲ್ಲಿ! ಭಾಷೆಯನ್ನು ನಿಜವಾಗಿ ಬದಲಿಸಿದ್ದು 1881–82ರ ಉಚಿತ, ಕಡ್ಡಾಯ ಶಾಲೆ ಮತ್ತು ಸೈನ್ಯದ ಬ್ಯಾರಕ್ಕು. ಬ್ರಿಟನಿಯ ಎಷ್ಟೋ ಶಾಲೆಗಳಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಮರದ ಚಪ್ಪಲಿಯಂಥ ವಸ್ತುವೊಂದನ್ನು ಕಟ್ಟುತ್ತಿದ್ದರು. ಅದೇ ತಪ್ಪು ಮಾಡಿದ ಇನ್ನೊಬ್ಬನನ್ನು ತೋರಿಸಿಕೊಟ್ಟರಷ್ಟೇ ಅದು ಅವನ ಕೊರಳಿಗೆ ದಾಟುತ್ತಿತ್ತು.

ನಾಲ್ಕನೆಯ ಕೆಲಸ ದಾಖಲೆ ನೋಡುವುದು. ಜನನ, ಮದುವೆ, ಮರಣಗಳ ನಾಗರಿಕ ನೋಂದಣಿ 1792ರಲ್ಲಿ ಆರಂಭವಾಯಿತು, ಅದಕ್ಕೆ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳಿವೆ. ಜಿಲ್ಲಾ ದಾಖಲೆ ಸಂಗ್ರಹಾಲಯಗಳು ಇವುಗಳ ಚಿತ್ರಪ್ರತಿಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಅಲ್ಸಾಸಿನ ಒಂದು ಹಳ್ಳಿಯ ಪುಸ್ತಕವನ್ನು 1860ರಿಂದ 1920ರವರೆಗೆ ತಿರುವಿ ನೋಡಿ: 1871ರ ಒಪ್ಪಂದದಿಂದ ನಾಡು ಜರ್ಮನಿಗೆ ಹೋದ ಮೇಲೆ ನಮೂದುಗಳ ಭಾಷೆ ಜರ್ಮನ್ ಆಗುತ್ತದೆ, ಝಾಂ ಎಂಬ ಹೆಸರು ಯೋಹಾನ್ ಆಗುತ್ತದೆ, 1918ರ ನಂತರ ಎಲ್ಲವೂ ಮತ್ತೆ ಮಗುಚಿಕೊಳ್ಳುತ್ತದೆ. ಫ್ರೆಂಚರಾಗಿಯೇ ಉಳಿಯಬೇಕೆಂದವರಿಗೆ ಊರು ಬಿಡಲು 1872ರ ಅಕ್ಟೋಬರ್ 1ರವರೆಗೆ ಗಡುವಿತ್ತು, ಆದ್ದರಿಂದ ಪುಸ್ತಕದಲ್ಲಿ ಮಾಯವಾದ ಮನೆತನವು ಅಳಿದುಹೋಯಿತೆಂದು ತಿಳಿಯಬೇಡಿ.

ಮರಳಿ ಬಂದ ಫ್ರಾನ್ಸ್ ಎಲ್ಲರನ್ನೂ ಸಮನಾಗಿ ಅಪ್ಪಿಕೊಳ್ಳಲಿಲ್ಲ. 1918ರ ಡಿಸೆಂಬರಿನಿಂದ ಅಲ್ಲಿನ ನಿವಾಸಿಗಳಿಗೆ ತಂದೆತಾಯಿಯರ ಮೂಲವನ್ನು ನೋಡಿ ಎ, ಬಿ, ಸಿ, ಡಿ ಎಂಬ ನಾಲ್ಕು ಬಗೆಯ ಗುರುತಿನ ಚೀಟಿಗಳನ್ನು ಹಂಚಲಾಯಿತು. ಡಿ ಚೀಟಿ ಜರ್ಮನ್ ಮೂಲದವರದು, ಅವರಲ್ಲಿ ಹಲವರನ್ನು ರೈನ್ ನದಿಯಾಚೆಗೆ, ಜರ್ಮನಿಗೆ ಅಟ್ಟಲಾಯಿತು. ತನ್ನ ಮಣ್ಣಿನಲ್ಲಿ ಹುಟ್ಟಿ ಬೆಳೆದ ಪರದೇಶಿಯರ ಮಕ್ಕಳಿಗೂ ಪೌರತ್ವ ಕೊಟ್ಟ 1889ರ ಕಾನೂನಿನ ದೇಶವೇ ಇದನ್ನೂ ಮಾಡಿತೆಂಬುದನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಒಳ್ಳೆಯದು. 1940ರಲ್ಲಿ ಮತ್ತೆ ಜರ್ಮನಿಯ ವಶವಾದಾಗ 1942ರ ಆಗಸ್ಟಿನಿಂದ ಅಲ್ಸಾಸ್ ಮತ್ತು ಪಕ್ಕದ ಮೋಸೆಲ್ ಜಿಲ್ಲೆಯ ಸುಮಾರು 1,30,000 ಮಂದಿಯನ್ನು ಜರ್ಮನ್ ಸೈನ್ಯಕ್ಕೆ ಬಲವಂತವಾಗಿ ಸೇರಿಸಲಾಯಿತು.

ಕೊನೆಗೆ ಇಂದಿನ ಕಾನೂನನ್ನು ನೋಡಿರಿ. ‘ಫ್ರೆಂಚ್ ಜನತೆಯ ಅಂಗವಾದ ಕಾರ್ಸಿಕಾ ಜನತೆ’ ಎಂದು ಕಾನೂನೊಂದರಲ್ಲಿದ್ದ ಮಾತನ್ನು, ಕಾನೂನುಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ ಎಂದು ನೋಡುವ ಸಂವಿಧಾನ ಮಂಡಳಿ 1991ರಲ್ಲಿ ಹೊಡೆದುಹಾಕಿತು. ಪ್ರಾಂತೀಯ ಭಾಷೆಗಳು ದೇಶದ ಪರಂಪರೆಯ ಭಾಗವೆಂದು 2008ರಲ್ಲಿ ಸಂವಿಧಾನಕ್ಕೆ ಸೇರಿತು. ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ 1905ರ ಕಾನೂನು ಅಲ್ಸಾಸಿಗೆ ಇಂದಿಗೂ ಅನ್ವಯಿಸುವುದಿಲ್ಲ. ಅದು ಜಾರಿಯಾದಾಗ ಆ ನಾಡು ಜರ್ಮನಿಯಲ್ಲಿತ್ತು.

ಸ್ಟ್ರಾಸ್‌ಬರ್ಗಿಗೆ ಹೋಗುವ ಅವಕಾಶ ಸಿಕ್ಕರೆ ಗಣರಾಜ್ಯ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧಸ್ಮಾರಕವನ್ನು ನೋಡಿ. ತಾಯಿಯೊಬ್ಬಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳ ಮೈಮೇಲೆ ಯಾವ ದೇಶದ ಸಮವಸ್ತ್ರವೂ ಇಲ್ಲ, ಕೆಳಗೆ ‘ನಮ್ಮ ಮೃತರಿಗೆ’ ಎಂದಷ್ಟೇ ಕೆತ್ತಿದೆ.