ಆಟೋಪೇಯಲ್ಲಿ ಹೋದ ದುಡ್ಡು ವಾಪಸ್ ತರಿಸಿದ್ದು: ನನ್ನ ಅನುಭವ

ಆಟೋಪೇಯಲ್ಲಿ, ಅಂದರೆ ಒಮ್ಮೆ ಒಪ್ಪಿಗೆ ಕೊಟ್ಟಮೇಲೆ ತಾನಾಗೇ ಕಟ್ ಆಗೋ ವ್ಯವಸ್ಥೆಯಲ್ಲಿ, ಆ್ಯಪ್‌ಗೆ ಹೋದ ದುಡ್ಡನ್ನ ವಾಪಸ್ ತರಿಸಬಹುದು ಅಂದಾಗ ತಿಪಟೂರಿನ ನಮ್ಮ ಲೈನಿನ ಮೊಬೈಲ್ ಅಂಗಡಿಯವರು ಯಾರೂ ನಂಬಲಿಲ್ಲ. "ಬಿಡಪ್ಪ, ಹೊಳೇಲಿ ಹುಣಸೆಹಣ್ಣು ತೊಳೆಯೋ ಕೆಲಸ" ಅಂದರು. ಈಗ ಅವರೇ ಗಿರಾಕಿಗಳನ್ನ ನನ್ನ ಹತ್ತಿರ ಕಳಿಸ್ತಾರೆ. ಹೋದ ದೀಪಾವಳಿಯಿಂದ ಇಲ್ಲಿವರೆಗೆ ಸುಮಾರು 30 ಸಾವಿರ ರೂಪಾಯಿ ವಾಪಸ್ ಬಂದಿರಬೇಕು.

ಅನ್‌ಇನ್‌ಸ್ಟಾಲ್ ಮಾಡಿದರೆ ಸಬ್‌ಸ್ಕ್ರಿಪ್ಶನ್ ನಿಲ್ಲಲ್ಲ, ಪ್ಲೇ ಸ್ಟೋರ್‌ನಲ್ಲಿ 48 ಗಂಟೆಯೊಳಗೆ ದುಡ್ಡು ವಾಪಸ್ ಕೇಳಿದರೆ ಸಲೀಸು, ಇವೆಲ್ಲ ನಿಮಗೆ ಗೊತ್ತು. ತಲೆನೋವು ಇರೋದು ಆಮೇಲೆ.

ಶುರುವಿನಲ್ಲಿ ಬಂದ ಕೇಸುಗಳಲ್ಲಿ ಬಹುಪಾಲು ಏನೂ ಗಿಟ್ಟಲಿಲ್ಲ. ಕೊಬ್ಬರಿ ಮಂಡಿಯ ಯಜಮಾನರೊಬ್ಬರ ಫೋನಿನಲ್ಲಿ ಮೊಮ್ಮಗ ವಿಡಿಯೊ ಎಡಿಟಿಂಗ್ ಆ್ಯಪ್ ಒಂದರ 1 ರೂಪಾಯಿ ಟ್ರಯಲ್ ಒತ್ತಿದ್ದ. ಅವರು ನೋಡಿಕೊಳ್ಳೋ ಹೊತ್ತಿಗೆ ಎರಡು ಸಾವಿರದ ಮೇಲೆ ಹೋಗಿತ್ತು. ಸಪೋರ್ಟ್ ಮೇಲ್‌ಗೆ ಬರೆದಷ್ಟೂ ಅದೇ ಆಟೊಮ್ಯಾಟಿಕ್ ಉತ್ತರ. ಪ್ಲೇ ಸ್ಟೋರ್ ಜಾಲಾಡಿದರೂ ಆರ್ಡರೇ ಇಲ್ಲ.

ಅಲ್ಲೇ ನನಗೆ ದಾರಿ ಸಿಕ್ಕಿದ್ದು. ಪ್ಲೇ ಮೂಲಕ ಹೋದ ದುಡ್ಡಾದರೆ ಜಿಮೇಲ್‌ಗೆ ರಸೀದಿ ಬಂದಿರುತ್ತೆ, ಆರ್ಡರ್ ನಂಬರ್ 'ಜಿಪಿಎ' ಅಂತ ಶುರುವಾಗುತ್ತೆ. ಅದಿಲ್ಲ ಅಂದರೆ ಯುಪಿಐ ಮ್ಯಾಂಡೇಟ್ (ದುಡ್ಡು ತಾನಾಗೇ ಕಟ್ ಮಾಡ್ಕೊಳ್ಳೋಕೆ ನಾವು ಕೊಟ್ಟ ಒಪ್ಪಿಗೆ) ಮೇಲೆ ನೇರ ಕಂಪನಿಗೇ ಹೋಗಿರೋ ದುಡ್ಡು. ನನ್ನ ಕೌಂಟರಿಗೆ ಬಂದ 1 ರೂಪಾಯಿ, 2 ರೂಪಾಯಿ ಟ್ರಯಲ್‌ಗಳು ಹೆಚ್ಚಿನವು ಇದೇ ಜಾತಿ. ಅದಕ್ಕೆ ಪ್ಲೇ ಸ್ಟೋರ್‌ನಲ್ಲಿ ಎಷ್ಟು ಬಡಿದಾಡಿದರೂ ವೇಸ್ಟು.

ಈಗ ನಾನು ಮೊದಲು ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಗೆ ಹೋಗಿ ಮ್ಯಾಂಡೇಟ್ ರದ್ದು ಮಾಡ್ತೇನೆ, ಯುಎಂಎನ್ (ಆ ಮ್ಯಾಂಡೇಟ್‌ನ ಗುರುತಿನ ನಂಬರ್) ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀತೇನೆ. ಆಮೇಲೆ ಎಸ್‌ಎಂಎಸ್ ಪೆಟ್ಟಿಗೆ ಹುಡುಕ್ತೇನೆ. ದುಡ್ಡು ಕಟ್ ಆಗೋ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಸಂದೇಶ ಬಂದಿಲ್ಲ ಅಂದರೆ ದೂರಿನಲ್ಲಿ ಅದೇ ಮೊದಲು.

ದೂರು ಸಪೋರ್ಟಿಗಲ್ಲ, ಕಂಪನಿಯಲ್ಲಿ ದೂರು ಬಗೆಹರಿಸೋಕೇ ಇರೋ ಗ್ರೀವೆನ್ಸ್ ಆಫೀಸರ್‌ಗೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯಲ್ಲಿ ದೂರು ಸಿಕ್ಕಿದೆ ಅಂತ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅವರ ವಿಳಾಸ ಕಂಪನಿಯ ಸೈಟಿನಲ್ಲಿ ಮೂಲೇಲಿ ಎಲ್ಲೋ ಇರುತ್ತೆ, ಬಿಡದೆ ಹುಡುಕಿ. 2023ರ ನವೆಂಬರಿನ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನ ದಾರಿ ತಪ್ಪಿಸೋ ಚಾಲಾಕಿ) ಮಾರ್ಗಸೂಚಿಯಲ್ಲಿರೋ 13 ಬಗೆಯಲ್ಲಿ 'ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್', ಅಂದರೆ ಸಬ್‌ಸ್ಕ್ರಿಪ್ಶನ್ ನಿಲ್ಲಿಸೋಕೆ ಬಿಡದ ಬಲೆ, ಕೂಡ ಒಂದು. ಆ ಹೆಸರನ್ನ ಹಾಗೇ ಬರೀರಿ. ಮೇಲ್‌ನ ಮೊದಲ ಎರಡು ಸಾಲು ನಾನು ಹೇಗೆ ಬರೀತೇನೆ ಅನ್ನೋದನ್ನ ಇಲ್ಲಿ ಹಾಕಲ್ಲ, ಆ ಕಂಪನಿಗಳವರೂ ಓದ್ತಾರೆ.

ಕಂಪನಿಯವರು ಜಗ್ಗಲಿಲ್ಲ ಅಂದರೆ 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ನನ್ನ ಕೇಸುಗಳಲ್ಲಿ ಮೂರರಲ್ಲೊಂದು ಇಲ್ಲಿವರೆಗೆ ಬಂದು ಬಗೆಹರಿದಿದೆ.

ನಡುವೆ ಒಂದು ಪ್ರಯೋಗವೂ ಮಾಡಿದೆ. ಉದ್ದದ ಮೇಲ್, ಚಿಕ್ಕ ಮೇಲ್ ಎರಡನ್ನೂ ಕಳಿಸಿ ನೋಡಿದರೆ ಐದಾರು ಸಾಲಿನದೇ ಗೆದ್ದಿತು. ದುಡ್ಡು ಕಟ್ ಆದಮೇಲೆ ಆ್ಯಪ್ ತೆರೆದೇ ಇಲ್ಲ ಅಂದರೆ ಕೇಸು ಗಟ್ಟಿ. ಮಕ್ಕಳು ಗೇಮಿನಲ್ಲಿ ಕಾಯಿನ್ ಕೊಂಡು ಖರ್ಚೂ ಮಾಡಿದ್ದರೆ ಕಷ್ಟ, ಅಂಥವು ನನ್ನ ಕೈಯಲ್ಲೂ ಅರ್ಧಕ್ಕರ್ಧ ಸೋತಿವೆ. ಐಫೋನಿಗೆ ಆಪಲ್‌ನ 'ರಿಪೋರ್ಟ್ ಎ ಪ್ರಾಬ್ಲಮ್' ಪುಟ ಸಾಕು, ಆದರೆ ಕ್ಯಾನ್ಸಲ್ ಬೇರೆ, ರೀಫಂಡ್ ಬೇರೆ, ಎರಡನ್ನೂ ಮಾಡಬೇಕು.

ಸಿಟ್ಟಿನಲ್ಲಿ ಬ್ಯಾಂಕಿಗೆ ಹೋಗಿ ಪ್ಲೇ ಪೇಮೆಂಟ್ ಮೇಲೆ ಡಿಸ್ಪ್ಯೂಟ್ (ಈ ಪಾವತಿ ಒಪ್ಪಲ್ಲ ಅನ್ನೋ ತಕರಾರು) ಹಾಕಿಸಬೇಡಿ, ಗೂಗಲ್ ಅಕೌಂಟೇ ಲಾಕ್ ಆಗೋ ಅಪಾಯ ಇದೆ.

ದುಡ್ಡು ಬಂದರೆ 100 ರೂಪಾಯಿ ತಗೋತೇನೆ, ಬರದಿದ್ದರೆ ಏನಿಲ್ಲ. ಹೊಸ ಫೋನ್ ಕೊಂಡವರಿಗೆ ಆಟೋಪೇ ಪಟ್ಟಿ ನೋಡಿಕೊಡೋದು, ಪ್ಲೇ ಖರೀದಿಗೆ ಪಾಸ್‌ವರ್ಡ್ ಹಾಕಿಕೊಡೋದು ಮಾತ್ರ ಪುಕ್ಕಟೆ.