ಜೂಲಿ ಅಂತ ತಂದ ಕೋರಿ ಜೂಲಿ ಆಗಿರಲಿಲ್ಲ

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ "ಜೂಲಿ ಕೋರಿ ರೀ, ಭಾಳ ಚಲೋ ಮೀನು" ಅಂತ ಆರು ಮೀನು ಕಟ್ಟಿಕೊಟ್ಟರು. ಕೋರಿ ಅಂದರೆ ಕೋರಿಡೋರಸ್, ಟ್ಯಾಂಕಿನ ತಳದಲ್ಲಿ ಓಡಾಡುವ ಸಣ್ಣ ಮೀಸೆ ಮೀನು; ಜೂಲಿ ಅದರಲ್ಲಿ ಒಂದು ಜಾತಿ. ಧಾರವಾಡದ ಮನೆಗೆ ತಂದು ಟ್ಯಾಂಕಿಗೆ ಬಿಟ್ಟೆ. ಬೆಳ್ಳಗಿನ ಮೈ, ಕಪ್ಪು ಚುಕ್ಕಿ, ಬೆನ್ನಿನ ರೆಕ್ಕೆಯ ತುದಿಗೆ ಕಪ್ಪು ಮಚ್ಚೆ. ಪಕ್ಕೆಯಲ್ಲಿ ಎಲುಬಿನ ಪಟ್ಟಿಗಳು ಎರಡು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತವೆ, ಕೋರಿಡೋರಸ್ ಸೇರಿದ ಇಡೀ ಕುಟುಂಬದ ಗುರುತೇ ಅದು.

ಒಂದು ದಿನ ಗಾಜಿನ ಹತ್ತಿರ ಬಂದದ್ದರ ಫೋಟೋ ತೆಗೆದು ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದೆ. ತಲೆ ಮೇಲೆ ಬಿಡಿ ಚುಕ್ಕಿ ಇರಲಿಲ್ಲ. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು, ಹುಳ ಹರಿದ ಹಾಗೆ ಡೊಂಕು ಗೆರೆಗಳಾಗಿದ್ದವು. ಅಂದರೆ ಇದು ಜೂಲಿಯ ಹಾಗೇ ಕಾಣುವ ಇನ್ನೊಂದು ಜಾತಿಯ ಕೋರಿ, ಟ್ರೈಲಿನಿಯೇಟಸ್. ನಿಜವಾದ ಜೂಲಿಯ ತಲೆ ಮೇಲೆ ಸಣ್ಣ ಚುಕ್ಕಿಗಳು ಬಿಡಿಬಿಡಿಯಾಗಿರುತ್ತವೆ. ಅದು ಈಶಾನ್ಯ ಬ್ರೆಜಿಲ್‌ನ ಮೀನು, ಇದು ಪೆರು ಕಡೆಯ ಅಮೆಜಾನ್‌ನದು. ಅಂಗಡಿಗಳಲ್ಲಿ ಜೂಲಿ ಅಂತ ಮಾರೋದು ಬಹುಪಾಲು ಇದನ್ನೇ. ಆದರೆ ಒಂದೇ ಮೀನು ನೋಡಿ ಹೆಸರು ಇಡಬೇಡಿ, ಕೆಲವದರಲ್ಲಿ ಚುಕ್ಕಿ ಗೆರೆ ಎರಡೂ ಬೆರೆತಿರುತ್ತವೆ. ಇಡೀ ಗುಂಪನ್ನು ನೋಡಬೇಕು.

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಕೆಳಗೆ ಬಣ್ಣದ ಚೂಪು ಹರಳು ಹಾಸಿದ್ದು. ಎರಡು ತಿಂಗಳಲ್ಲಿ ಎರಡು ಮೀನಿನ ಮೀಸೆ ಅರ್ಧಕ್ಕೆ ಸವೆದು ಬುಡ ಕೆಂಪಾಗಿತ್ತು. ಹರಳಿನ ಸಂದಿಯಲ್ಲಿ ಕೊಳೆತ ತಿಂಡಿಯೂ ಸೇರಿತ್ತು. ನೋಡಿ ತುಂಬಾ ಬೇಜಾರಾಯಿತು, ಯಾಕಂದ್ರೆ ಈ ಮೀನಿಗೆ ಊಟ ಹುಡುಕಲು ಮೀಸೆಯೇ ಬೇಕು. ಹರಳೆಲ್ಲ ತೆಗೆದೆ. ನದಿ ಮರಳನ್ನು ಜರಡಿ ಹಿಡಿದು, ಬಕೆಟ್‌ನಲ್ಲಿ ಕಲಕಿದಾಗ ನೀರು ತಿಳಿಯಾಗೋ ತನಕ ತೊಳೆದು ಹಾಸಿದೆ. ಅವತ್ತೇ ಸಂಜೆ ಆರೂ ಮೀನು ಕಣ್ಣಿನ ತನಕ ಮೂತಿ ಹುಗಿದು, ಬಾಯಿಗೆ ತಗೊಂಡ ಮರಳನ್ನು ಕಿವಿರಿನಿಂದ ಹೊಗೆ ಬಿಟ್ಟ ಹಾಗೆ ಹೊರಗೆ ಬಿಡುತ್ತಿದ್ದವು. ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಾಗಲಿಲ್ಲ. ಮೀಸೆ ನಿಧಾನಕ್ಕೆ ಮತ್ತೆ ಬೆಳೆಯಿತು.

ನಮ್ಮಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ, ಹೇಗೂ ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ. ಅದನ್ನೇ ಒಂದೆರಡು ದಿನ ಬಾಯಿ ತೆರೆದಿಟ್ಟು, ಮೇಲೆ ಆ್ಯಂಟಿ-ಕ್ಲೋರಿನ್ ಹನಿ ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ಬದಲಿಸುತ್ತೇನೆ. ಚಳಿಗಾಲಕ್ಕಿಂತ ಏಪ್ರಿಲ್ ಬಿಸಿಲಿನದೇ ಚಿಂತೆ. 22ರಿಂದ 26 ಡಿಗ್ರಿ ಇದಕ್ಕೆ ಹಿತ, ಅದಕ್ಕೇ ಬೇಸಿಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗುತ್ತಿರುತ್ತದೆ. ಆಗಾಗ ಮೇಲಕ್ಕೆ ಚಂಗನೆ ಹೋಗಿ ಗಾಳಿ ನುಂಗಿ ಬಂದರೆ ಗಾಬರಿ ಬೇಡ, ಕರುಳಿನಿಂದಲೂ ಉಸಿರಾಡುವ ಮೀನು ಇದು. ಒಂದೇ ಸಮ ಹಾಗೆ ಮಾಡಿದರೆ ಮಾತ್ರ ನೀರು ನೋಡಿ. ಬಲೆಯಲ್ಲಿ ಹಿಡಿಯಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ನಾನು ಪ್ಲಾಸ್ಟಿಕ್ ಲೋಟ ಬಳಸುತ್ತೇನೆ. ಊಟಕ್ಕೆ ಮುಳುಗುವ ಗುಳಿಗೆ, ಲೈಟ್ ಆರಿಸಿದ ಮೇಲೆ. ಉಳಿದ ಮೀನುಗಳ ಎಂಜಲಲ್ಲೇ ಬದುಕುತ್ತವೆ ಅನ್ನೋದು ಸುಳ್ಳು.

ಜೂನ್‌ನಲ್ಲಿ ಮಳೆ ಹಿಡಿದ ವಾರ ಸ್ವಲ್ಪ ತಣ್ಣಗಿನ ನೀರು ಬದಲಿಸಿದ್ದೆ. ಮರುದಿನ ಬೆಳಿಗ್ಗೆ ಗಾಜಿನ ಮೇಲೆ ಸಾಸಿವೆಯಷ್ಟು ಮೊಟ್ಟೆ! ಬೆರಳಿಂದ ಮೆಲ್ಲಗೆ ಉರುಳಿಸಿ ತೆಗೆದು ಬೇರೆ ಡಬ್ಬಿಗೆ ಹಾಕಿ ಗಾಳಿ ಬಿಟ್ಟೆ. ನಾಲ್ಕನೇ ದಿನ ಒಡೆದವು. ಹನ್ನೊಂದು ಮರಿ ಉಳಿದಿವೆ. ಗೆಳೆಯರು ಕೇಳಿದ್ದಾರೆ, ಟ್ರೈಲಿನಿಯೇಟಸ್ ಅಂತ ಹೆಸರು ಹೇಳಿಯೇ ಕೊಡುತ್ತೇನೆ, ಮರಳು ಹಾಸಿದವರಿಗೆ ಮಾತ್ರ.