ಆರು ತಿಂಗಳು ನಾನು ಗಂಡಸಿನಂತೆ ಮಾತಾಡಿದೆ

ಬಾಗಲಕೋಟೆಯಿಂದ ಬೆಳಗಾವಿಗೆ ಬಂದು ಶಹಾಪುರದಲ್ಲಿ ಮನೆ ಮಾಡಿದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಬರದಿದ್ದರೂ ನಡೆಯುತ್ತಿತ್ತು. ಸ್ವಲ್ಪ ತಡವರಿಸಿದರೆ ಸಾಕು, ಅಂಗಡಿಯವರು 'ಏನ್ ಬೇಕ್ರೀ?' ಅಂತ ಕನ್ನಡಕ್ಕೆ ಹೊರಳುತ್ತಿದ್ದರು. ಉಪಕಾರವೇ, ಆದರೆ ಹೀಗಾದರೆ ಕಲಿಯುವುದು ಯಾವಾಗ? 'ಮಲಾ ಮರಾಠೀ ಶಿಕಾಯಚೀ ಆಹೇ', ನನಗೆ ಮರಾಠಿ ಕಲೀಬೇಕು, ಅಂತ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡೆ. ಅದನ್ನು ಹೇಳಿದರೆ ಹೆಚ್ಚಿನವರು ಮರಾಠಿಯಲ್ಲೇ ಉಳಿಯುತ್ತಿದ್ದರು.

ಉಳಿದದ್ದನ್ನು ಆಫೀಸಿನವರಿಂದ ಕಲಿತೆ. ಅಲ್ಲಿ ಎಲ್ಲರೂ ಗಂಡಸರು. ಹೊರಡುವಾಗ ಅವರು 'ಮೀ ಯೇತೋ' ಅನ್ನುತ್ತಿದ್ದರು, ನಾನೂ ಅಂದೆ. ಕನ್ನಡದಲ್ಲಿ 'ನಾನು ಬರ್ತೀನಿ' ಅನ್ನಲು ಗಂಡು ಹೆಣ್ಣು ಭೇದ ಇಲ್ಲ ಅಲ್ವಾ? ಮರಾಠಿಯಲ್ಲಿ ಹೆಂಗಸರು 'ಯೇತೇ' ಅನ್ನಬೇಕು. ಆರು ತಿಂಗಳು ಊರೆಲ್ಲ 'ಯೇತೋ' ಅನ್ನುತ್ತಾ ತಿರುಗಿದೆ. ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗ ಬಿದ್ದು ಬಿದ್ದು ನಕ್ಕ. 'ಕಾಕೂ, ತೂ ಮುಲ್ಗಾ ಆಹೇಸ್ ಕಾ?' ನೀನೇನು ಹುಡುಗನಾ ಅಂತ! ಅವರಮ್ಮ ಬೈದರು. ನಾನು ಅವನಿಗೆ ಕುಂದಾ ಕೊಡಿಸಿದೆ.

ದೊಡ್ಡವರ ಮೇಲೆ ಮಾತ್ರ ಸಿಟ್ಟು ಬಂತು. ಗೊತ್ತಿದ್ದೂ ಯಾಕೆ ಸುಮ್ನಿದ್ದರು?

ಆಮೇಲೊಂದು ಸಂಜೆ ಸ್ಟಾಪಿನಲ್ಲಿ ನಿಂತಿದ್ದಾಗ ಆ ಹುಡುಗನ ತಾಯಿ, ನಮ್ಮ ವೈನಿ, 'ಬಸ್ ಬಂದಳು, ನಡೀರಿ' ಅಂದರು. ಮರಾಠಿಯಲ್ಲಿ ಬಸ್ಸು ಹೆಣ್ಣು. ನಾನು ತಿದ್ದಿದೆನಾ? 'ಹೌದ್ರೀ, ಬಸ್ ಬಂತು' ಅಂದು ಹತ್ತಿದೆ. ಸೀಟು ಹಿಡಿದ ಮೇಲೆ ಹೊಳೆಯಿತು. ಗಣಪತ್ ಗಲ್ಲಿಯ ಕಾಯಿಪಲ್ಯದ ಮಾವಶಿ ನನಗೆ ಮಾಡುತ್ತಿದ್ದದ್ದೂ ಇದನ್ನೇ! ನಾನು 'ಹಾ ಮೇಥೀ ಕಸಾ?' ಅಂತ ಮೆಂತ್ಯವನ್ನು ಗಂಡು ಮಾಡಿ ಬೆಲೆ ಕೇಳಿದರೆ ಆಕೆ 'ಹೀ ಮೇಥೀ? ದಹಾಲಾ ಏಕ್', ಹತ್ತಕ್ಕೊಂದು, ಅಂತ ಅದನ್ನು ಹೆಣ್ಣು ಮಾಡಿ ಹೇಳುತ್ತಿದ್ದಳು. ನನ್ನ ಕಿವಿಗೆ ಬಿದ್ದದ್ದು ಹತ್ತು ರೂಪಾಯಿ ಮಾತ್ರ.

ಹೀಗೆ ತಪ್ಪನ್ನು ಸರಿಮಾಡಿ ತಿರುಗಿ ಹೇಳುವುದಕ್ಕೆ ಭಾಷೆ ಕಲಿಕೆಯ ಸಂಶೋಧಕರು 'ರೀಕಾಸ್ಟ್' ಅನ್ನುತ್ತಾರೆ. ಕೆನಡಾದ ಫ್ರೆಂಚ್ ಕಲಿಕೆಯ ತರಗತಿಗಳನ್ನು ನೋಡಿ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಬರೆದರು: ಶಿಕ್ಷಕರು ಅತಿ ಹೆಚ್ಚು ಬಳಸುವುದು ಇದನ್ನೇ, ಮಕ್ಕಳು ಅತಿ ಕಡಿಮೆ ಸ್ಪಂದಿಸುವುದೂ ಇದಕ್ಕೇ. ನನ್ನ ಕಥೆಯೂ ಅಷ್ಟೇ.

ಅಂದಿನಿಂದ ಬೆಲೆಗಿಂತ ಮೊದಲು ಉತ್ತರದ ಮೊದಲ ಪದ ಕೇಳತೊಡಗಿದೆ. ಫೋನಿನಲ್ಲಿ ಹಾ, ಹೀ, ಹೇ ಅಂತ, ಅಂದರೆ ಗಂಡು, ಹೆಣ್ಣು, ನಪುಂಸಕ ಅಂತ, ಮೂರು ಪಟ್ಟಿ ಮಾಡಿದೆ. ಚಹಾ ಬಹಳ ಕಾಡಿತು. ಹಿಂದಿಯಲ್ಲಿ ಅದು ಹೆಣ್ಣು, ಮರಾಠಿಯಲ್ಲಿ ಗಂಡು. ವೈನಿ ಜೊತೆ ಒಪ್ಪಂದವೂ ಆಯಿತು: ಗಂಡು ಹೆಣ್ಣಿನ ತಪ್ಪು ಮಾತ್ರ ತಿದ್ದುವುದು, ಅದೂ ನಾಲ್ಕು ಜನರ ಮುಂದೆ ಬೇಡ. ಎಲ್ಲವನ್ನೂ ತಿದ್ದಿದರೆ ನನಗೆ ಬಾಯೇ ಬರುವುದಿಲ್ಲ.

ಮೊನ್ನೆ ಸ್ಟಾಪಿನಲ್ಲಿ ನಾವಿಬ್ಬರೇ. ತಾಸಾದರೂ ಬಸ್ಸಿಲ್ಲ.

'ಬಸ್ ಇನ್ನೂ ಬಂದಿಲ್ಲ' ಅಂದ ವೈನಿ, ಹೇಗಿದೆ ಅನ್ನುವಂತೆ ನನ್ನ ಮುಖ ನೋಡಿದರು.

'ಹೋ, ಬಸ್ ಆಲಾ ನಾಹೀ' ಅಂದೆ ನಾನು.

'ಆಲೀ' ಅಂದರು ವೈನಿ.